ಹೈಡ್ರಾದ ತಲೆ ಎಣಿಸಿದವರು

ಒಂದು ತಲೆ ಕಡಿದರೆ ಎರಡು ಮೂಡುವ ಹೈಡ್ರಾ ಎಂಬ ಹೋಲಿಕೆ ರಾಜಕೀಯ ಭಾಷಣಗಳಿಗೂ ಸಂಪಾದಕೀಯಗಳಿಗೂ ಬಹಳ ಪ್ರಿಯವಾದುದು. 2001ರ ಸೆಪ್ಟೆಂಬರ್ ನಂತರವಂತೂ ಅದನ್ನು ನಾವು ಲೆಕ್ಕವಿಲ್ಲದಷ್ಟು ಬಾರಿ ಓದಿದೆವು. ಹಾಗೆ ಬರೆದವರು ಮೂಲ ಗ್ರೀಕ್ ಕಥೆಯನ್ನು ಕೊನೆಯವರೆಗೆ ಓದಿದ್ದರೇ ಎಂಬುದು ನಮ್ಮ ಅನುಮಾನ.

ತಲೆಗಳ ಲೆಕ್ಕದಿಂದಲೇ ಆರಂಭಿಸೋಣ. ಹಳೆಯ ಕವಿ ಹೆಸಿಯೋಡ್ ತನ್ನ 'ಥಿಯಾಗನಿ'ಯಲ್ಲಿ ಹೇಳುವುದಿಷ್ಟು: ಹರ್ಕ್ಯುಲಸ್ ಮೇಲಿನ ಹಗೆಯಿಂದ ಹೇರಾ ದೇವತೆ ಈ ಹಾವನ್ನು ಸಾಕಿದಳು, ಅವನು ಅದನ್ನು ಕೊಂದನು. ತಲೆ ಎಷ್ಟೆಂದು ಅಲ್ಲಿಲ್ಲ, ಕಡಿದರೆ ಚಿಗುರುತ್ತದೆಂದೂ ಇಲ್ಲ. ಆಮೇಲೆ ಅಲ್ಸಿಯಸ್ ಒಂಬತ್ತು ಎಂದ, ಸಿಮೊನೈಡಿಸ್ ಐವತ್ತು ಎಂದ. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಲೇಖಕ ಪೌಸಾನಿಯಾಸ್ ಆರ್ಗೋಸ್ ಬಳಿಯ ಲೆರ್ನಾದ ಬಗ್ಗೆ ಬರೆಯುವಾಗ, ಹೈಡ್ರಾ ಬೆಳೆದದ್ದು ಇಲ್ಲೇ ಎಂದು ಜನ ಹೇಳುವ ನೀರಿನ ಬುಗ್ಗೆಯನ್ನೂ ಮರವನ್ನೂ ಪ್ರಸ್ತಾಪಿಸುತ್ತಾನೆ. ಅವನ ಪ್ರಕಾರ ಹಾವು ದೊಡ್ಡದಿತ್ತು, ವಿಷವೂ ಘೋರವಾಗಿತ್ತು, ಆದರೆ ತಲೆ ಒಂದೇ. ಪ್ರಾಣಿ ಇನ್ನಷ್ಟು ಭಯಂಕರವಾಗಿ ಕಾಣಲಿ, ತನ್ನ ಕಾವ್ಯಕ್ಕೂ ಹೆಸರು ಬರಲಿ ಎಂದು ಪೈಸಾಂಡರ್ ಎಂಬ ಕವಿ ಹಲವು ತಲೆಗಳನ್ನು ಕೊಟ್ಟನಂತೆ! ಕಥೆ ಬರೆಯುವ ನಮಗೆ ಈ ಮಾತು ತುಸು ಚುಚ್ಚುತ್ತದೆ. ನಾವೂ ಆಗಾಗ ಒಂದೆರಡು ತಲೆ ಅಂಟಿಸಿದವರೇ.

ಇಂದು ಎಲ್ಲರಿಗೂ ಗೊತ್ತಿರುವ ಕಥೆ ಅಪೊಲ್ಲೊಡೋರಸ್ ಹೆಸರಿನಲ್ಲಿರುವ ಸಂಗ್ರಹದ್ದು. ಅಲ್ಲಿ ಒಂಬತ್ತು ತಲೆ, ನಡುವಿನದಕ್ಕೆ ಸಾವಿಲ್ಲ. ಹರ್ಕ್ಯುಲಸ್ ಗದೆಯಿಂದ ಜಜ್ಜಿದಷ್ಟೂ ತಲೆಗಳು ಇಮ್ಮಡಿಸುತ್ತವೆ. ಆಗ ಅಣ್ಣನ ಮಗನೋ ತಮ್ಮನ ಮಗನೋ ಆದ ಐಯೊಲಾಸ್ ಉರಿಯುವ ಕೊಳ್ಳಿಯಿಂದ ಕೊರಳ ಬುಡಗಳನ್ನು ಸುಡುತ್ತಾನೆ. ಸಾಯದ ತಲೆಯನ್ನು ಹೂತು ಮೇಲೊಂದು ಬಂಡೆ ಹೇರಲಾಗುತ್ತದೆ. ಕೆಲಸಕ್ಕೆ ಹಚ್ಚಿದ ರಾಜ ಯೂರಿಸ್ತಿಯಸ್ ಮಾತ್ರ, ನೀನು ಇನ್ನೊಬ್ಬನ ನೆರವು ಪಡೆದೆ, ಇದು ಲೆಕ್ಕಕ್ಕಿಲ್ಲ ಎಂದುಬಿಡುತ್ತಾನೆ.

ಕೊಳ್ಳಿಯವರೆಗಿನ ಭಾಗ ಆಳುವವರಿಗೆ ಬಹಳ ಹಿಡಿಸಿತು. ಪೀಟರ್ ಲೈನ್‌ಬಾ ಮತ್ತು ಮಾರ್ಕಸ್ ರೆಡಿಕರ್ 2000ದಲ್ಲಿ ಪ್ರಕಟಿಸಿದ 'ದಿ ಮೆನಿ-ಹೆಡೆಡ್ ಹೈಡ್ರಾ' ಎಂಬ ಇತಿಹಾಸ ಗ್ರಂಥ ಇದನ್ನೇ ಬಿಚ್ಚಿಡುತ್ತದೆ. 17ನೇ ಶತಮಾನದಿಂದ 19ರ ಆರಂಭದವರೆಗೆ ಅಟ್ಲಾಂಟಿಕ್ ತೀರಗಳ ಅಧಿಕಾರಸ್ಥರು ತಮ್ಮನ್ನು ಹರ್ಕ್ಯುಲಸ್ ಎಂದು ಕಂಡುಕೊಂಡರು. ಭೂಮಿ ಕಳೆದುಕೊಂಡ ರೈತರು, ನಾವಿಕರು, ಆಫ್ರಿಕಾದ ಗುಲಾಮರು ಅವರ ಕಣ್ಣಿಗೆ ಹೈಡ್ರಾ ಆದರು. ಫ್ರಾನ್ಸಿಸ್ ಬೇಕನ್ 1622ರಲ್ಲಿ ಬರೆದ ಸಂವಾದವೊಂದನ್ನು ಈ ಗ್ರಂಥ ಪರಿಶೀಲಿಸುತ್ತದೆ. ತುರ್ಕರ ಮೇಲೆ ಧರ್ಮಯುದ್ಧ ಸಾರುವುದು ಸರಿಯೇ ಎಂಬುದು ಆ ಸಂವಾದದ ಚರ್ಚೆ. ಅದರಲ್ಲಿ ನಾಶಕ್ಕೆ ಯೋಗ್ಯರಾದ ಜನರ ಒಂದು ಪಟ್ಟಿಯೇ ಇದೆ. ಮನುಷ್ಯರನ್ನು ತಲೆಗಳೆಂದು ಎಣಿಸತೊಡಗಿದ ಮೇಲೆ ಪಟ್ಟಿ ಉದ್ದವಾಗುವುದು ಕಷ್ಟವೇನಲ್ಲ.

ಆದರೆ ಕಥೆ ಕೊಳ್ಳಿಯ ಬಳಿ ಮುಗಿಯುವುದಿಲ್ಲ. ಹರ್ಕ್ಯುಲಸ್ ಆ ಹಾವಿನ ಪಿತ್ತದಲ್ಲಿ ತನ್ನ ಬಾಣಗಳನ್ನು ಅದ್ದಿಕೊಳ್ಳುತ್ತಾನೆ. ವಿಷ ಈಗ ಅವನ ಬತ್ತಳಿಕೆಯದು. ಅಂಥ ಒಂದು ಬಾಣ ಗುರಿ ತಪ್ಪಿ, ಯಾವ ಅಪರಾಧವನ್ನೂ ಮಾಡದ ಕೈರಾನ್‌ಗೆ ತಗಲುತ್ತದೆ. ಕೈರಾನ್ ಅಮರ, ಆದ್ದರಿಂದ ನೋವಿಗೆ ಕೊನೆಯೇ ಇಲ್ಲ. ಇನ್ನೊಂದು ಬಾಣಕ್ಕೆ ನೆಸ್ಸಸ್ ಸಾಯುತ್ತಾನೆ. ಸಾಯುವ ಮುನ್ನ ತನ್ನ ವಿಷ ಬೆರೆತ ರಕ್ತವನ್ನು ವಶೀಕರಣದ ಮದ್ದೆಂದು ಹರ್ಕ್ಯುಲಸ್‌ನ ಹೆಂಡತಿ ದೆಯಾನೈರಾಳಿಗೆ ಕೊಡುತ್ತಾನೆ. ಗಂಡ ಕೈತಪ್ಪುವ ಭಯದಲ್ಲಿ ಆಕೆ ಅದನ್ನು ಅಂಗಿಗೆ ಸವರಿ ಕಳಿಸುತ್ತಾಳೆ. ಅಂಗಿ ಮೈಗಂಟಿ ವೀರ ಬೇಯುವ ಸಂಕಟವನ್ನು ಸೊಫೊಕ್ಲಿಸ್ ಇಡೀ ಒಂದು ನಾಟಕವಾಗಿಸಿದ. ಈ ಭಾಗವನ್ನು ಯಾವ ಸಂಪಾದಕೀಯದಲ್ಲೂ ನಾವು ಕಂಡಿಲ್ಲ.

ಅರಬ್ ಖಗೋಳಜ್ಞರು ಹೈಡ್ರಾ ನಕ್ಷತ್ರಪುಂಜಕ್ಕೆ 'ಶುಜಾ' ಎಂದರು. ಉರ್ದು ಓದಿದವರಿಗೆ ಅದು ವೀರ. ಅರಬಿಯಲ್ಲಿ ಹಾವಿಗೂ ಅದೇ ಹೆಸರು. ಝಕಾತ್ ಕೊಡದವನ ಕೊರಳು ಸುತ್ತುವ ಹಾವನ್ನು ಹದೀಸ್ ಕರೆಯುವುದೂ ಇದೇ ಪದದಿಂದ. ಆ ಹಾವು ಪರವೈರಿಯಲ್ಲ, ಅವನೇ ಕೂಡಿಟ್ಟ ಸಂಪತ್ತು.

ಇನ್ನು ಬಂಡೆಯಡಿಯ ತಲೆ. ಲೆರ್ನಾದಿಂದ ಹೋಗುವ ದಾರಿಯ ಪಕ್ಕದಲ್ಲಿ ಅದನ್ನು ಹೂತರೆಂದು ಹೇಳಿ ಅಪೊಲ್ಲೊಡೋರಸ್ ಮುಂದಿನ ಸಾಹಸಕ್ಕೆ ಹೊರಟುಬಿಡುತ್ತಾನೆ.