ಪದಕ ಪಟ್ಟಿ ಹೇಳದ ಲೆಕ್ಕ

ಅಂತರ ಕಾಲೇಜು ಕ್ರೀಡಾಕೂಟದ ಮಧ್ಯಾಹ್ನ ಬಾಗಲಕೋಟೆ ಸೀಮೆಯ ನಾಲ್ಕಾರು ದೈಹಿಕ ಶಿಕ್ಷಣ ನಿರ್ದೇಶಕರು ಊಟಕ್ಕೆ ಒಟ್ಟಿಗೆ ಕುಳಿತರೆ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆಂದು ಮೊದಲೇ ಹೇಳಬಹುದು. ‘ನಮ್ಮ ಕಾಲೇಜಿಂದ ಎಷ್ಟು ಮಂದಿ ಬ್ಲೂ ಆಗ್ಯಾರ ಗೊತ್ತೇನ್ರಿ?’ ಎಂದು ಒಬ್ಬರು ತೆಗೆಯುತ್ತಾರೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರಿಗೆ ಬ್ಲೂ ಎನ್ನುತ್ತಾರೆ. ಹುನಗುಂದದವರು ಕಬಡ್ಡಿಯ ಲೆಕ್ಕ ಕೊಟ್ಟರೆ ಬಾದಾಮಿಯವರು ಓಟದ ಲೆಕ್ಕ ಕೊಡುತ್ತಾರೆ. ಇದೇ ವಾದ ರಾಜ್ಯಮಟ್ಟಕ್ಕೆ ಏರಿದಾಗ ಮೂಡುಬಿದಿರೆಯ ಆಳ್ವಾಸ್ ದೊಡ್ಡದೋ, ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ ದೊಡ್ಡದೋ ಎಂದಾಗುತ್ತದೆ. ದೇಶಮಟ್ಟಕ್ಕೆ ಹೋದರೆ ಪಂಜಾಬಿನವರ ಹೆಸರು ಬಾರದೆ ಇರುವುದಿಲ್ಲ. ಈ ವಾದ ತಪ್ಪೇನಲ್ಲ. ಅದಕ್ಕೆ ಹಿಡಿದಿರುವ ಅಳತೆಗೋಲು ಮಾತ್ರ ಸರಿಯಿಲ್ಲ.

ನಮ್ಮ ಸೀಮೆಯವರಿಗೆ ಅಳತೆ ಗೊತ್ತಿಲ್ಲವೆಂದಲ್ಲ. ಜಾತ್ರೆಯ ತೆರಬಂಡಿ ಸ್ಪರ್ಧೆ ನೋಡಿ. ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಗೊತ್ತುಪಡಿಸಿದ ಹೊತ್ತಿನಲ್ಲಿ ಎತ್ತುಗಳು ಎಷ್ಟು ದೂರ ಎಳೆದವು ಎಂಬುದೇ ಅಲ್ಲಿ ತೀರ್ಪು. ಬಂಡಿ ಅದೇ, ನೆಲ ಅದೇ, ಹೊತ್ತೂ ಅದೇ. ಆದ್ದರಿಂದ ಸೋತ ಜೋಡಿಯ ಯಜಮಾನ ಗೊಣಗಿದರೂ ಫಲಿತಾಂಶ ಒಪ್ಪುತ್ತಾನೆ. ಕಾಲೇಜು ಕ್ರೀಡೆಯಲ್ಲಿ ಮಾತ್ರ ನಾವು ಬೇರೆ ಬೇರೆ ಬಂಡಿ, ಬೇರೆ ಬೇರೆ ನೆಲದ ಫಲಿತಾಂಶಗಳನ್ನು ಒಂದೇ ಪಟ್ಟಿಗೆ ಸೇರಿಸಿ ಜಗಳಕ್ಕೆ ನಿಲ್ಲುತ್ತೇವೆ.

ನೆಲ ಎಷ್ಟು ಸಲ ಬದಲಾಗಿದೆ ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅಲ್ಲಿಯವರೆಗೆ ಎಲ್ಲ ಗೆಲುವೂ ಅಖಂಡ ವಿಜಾಪುರದ್ದು. ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿ ಇದ್ದಾಗ ಬ್ಲೂ ಆಗಬೇಕೆಂದರೆ ಹುನಗುಂದದ ಹುಡುಗ ಉತ್ತರ ಕನ್ನಡದವರನ್ನೂ ಬೆಳಗಾವಿಯವರನ್ನೂ ಸೋಲಿಸಬೇಕಿತ್ತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂತು, ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗರು ಆ ಕಡೆ ಹೋದರು. 2003ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಬಂತು, ಮಹಿಳಾ ಕಾಲೇಜುಗಳ ಹುಡುಗಿಯರು ಅಲ್ಲಿಗೆ ಸೇರಿದರು. 2008ರಲ್ಲಿ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ. ಒಂದೇ ಓಣಿಯಲ್ಲಿ ಖೋ ಖೋ ಆಡಿ ಬೆಳೆದ ನಾಲ್ವರು ಇವತ್ತು ನಾಲ್ಕು ವಿಶ್ವವಿದ್ಯಾಲಯಗಳ ಜರ್ಸಿ ತೊಟ್ಟು ಎದುರಾಬದುರು ನಿಲ್ಲಬಹುದು. 1980ರ ಬ್ಲೂ ಮತ್ತು ಇಂದಿನ ಬ್ಲೂ ಎರಡನ್ನೂ ಒಂದೊಂದು ಎಂದು ಎಣಿಸುವುದು ಹಳಬರಿಗೂ ನ್ಯಾಯವಲ್ಲ, ಹೊಸಬರಿಗೂ ನ್ಯಾಯವಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳೂ ಇದೇ ತೊಡಕಿನಲ್ಲಿದ್ದಾರೆ. ಯೇಲ್ ವಿಶ್ವವಿದ್ಯಾಲಯದ ಹೆಸರಿಗೆ ರಾಶಿ ಪ್ರಶಸ್ತಿಗಳಿವೆ, ಆದರೆ ಬಹುಪಾಲು 1910ಕ್ಕೂ ಮೊದಲಿನವು. ಆಗ ಆಡುತ್ತಿದ್ದ ಬಲವಾದ ತಂಡಗಳೇ ಕೆಲವು. ಅಲಬಾಮಾ ತಂಡ ನಿಕ್ ಸೇಬನ್ ತರಬೇತಿಯಲ್ಲಿ 2009ರಿಂದ 2020ರೊಳಗೆ ಆರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಸಂಖ್ಯೆ ಹಿಡಿದವರು ಯೇಲ್ ಎನ್ನುತ್ತಾರೆ, ಎದುರಾಳಿಗಳನ್ನು ನೋಡಿದವರು ಅಲಬಾಮಾ ಎನ್ನುತ್ತಾರೆ.

ನಮ್ಮ ದೇಶದ ಪಟ್ಟಿಗೆ ಬರೋಣ. ವಿಶ್ವವಿದ್ಯಾಲಯಗಳ ವರ್ಷವಿಡೀ ಸಾಧನೆಗೆ 1956-57ರಿಂದ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಇದೆ. ‘ಮಾಕಾ’ ಎಂದರೆ ಎಲ್ಲ ಕ್ರೀಡಾ ವಿಭಾಗಗಳಿಗೂ ಗೊತ್ತು. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ ಹುಟ್ಟಿದ್ದು 1969ರಲ್ಲಿ. ಅದು ಈ ಟ್ರೋಫಿಯನ್ನು 20ಕ್ಕಿಂತ ಹೆಚ್ಚು ಸಲ ಎತ್ತಿದೆ. ಹಲವು ಆಟ, ಗಂಡು ಹೆಣ್ಣು ಎರಡೂ ವಿಭಾಗ, ಹಲವು ದಶಕ. ದೀರ್ಘಕಾಲದ ಮೇಲುಗೈ ಎಂಬ ಮಾತಿಗೆ ನಿಜವಾಗಿ ಹೊಂದುವ ದಾಖಲೆ ಇದು.

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಪದಕ ಪಟ್ಟಿ ಬೇರೆ ಬಗೆಯದು. 2020ರ ಮೊದಲ ಕೂಟದಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯಕ್ಕೂ ಪುಣೆ ವಿಶ್ವವಿದ್ಯಾಲಯಕ್ಕೂ ತಲಾ 17 ಚಿನ್ನ ಬಂದವು; ಬೆಳ್ಳಿ ಹೆಚ್ಚಿದ್ದ ಪಂಜಾಬ್ ಚಾಂಪಿಯನ್ ಆಯಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಎರಡನೇ ಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಕನ್ನಡಿಗರು ಹೆಮ್ಮೆಪಡಬೇಕಾದ ಗೆಲುವೇ ಸರಿ. ಆದರೆ ಆ ಪಟ್ಟಿಯ ಒಳಹೊಕ್ಕು ನೋಡಿ: ಈಜುಗಾರ ಶಿವ ಶ್ರೀಧರ್ ಕೊರಳಿಗೆ ಬಿದ್ದ ಚಿನ್ನವೇ 7. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಪಟ್ಟಿಯ ಮೇಲೆ. ಕಬಡ್ಡಿಯಲ್ಲಿ ಹನ್ನೆರಡು ಮಂದಿ ವರ್ಷಗಟ್ಟಲೆ ಬೆವರು ಸುರಿಸಿ, ಮೊಣಕಾಲು ತರಚಿಕೊಂಡು ಗೆದ್ದರೂ ಪಟ್ಟಿಯಲ್ಲಿ ಬರುವುದು ಒಂದೇ ಚಿನ್ನ. ಕಬಡ್ಡಿ, ಖೋ ಖೋಗಳಲ್ಲಿ ಗಟ್ಟಿಯಾಗಿರುವ, ಮಲಪ್ರಭೆಯಲ್ಲೋ ಹೊಲದ ಬಾವಿಯಲ್ಲೋ ಈಜು ಕಲಿಯುವ ಸೀಮೆ ಇಂಥ ಪಟ್ಟಿಯಲ್ಲಿ ಮೇಲೆ ಬರುವುದು ಹೇಗೆ? ಈಜುಕೊಳ ಇದ್ದ ಊರಿಗೆ ಈ ಲೆಕ್ಕ ಮೊದಲೇ ಒಲಿದಿರುತ್ತದೆ.

ಮೂಡುಬಿದಿರೆಯ ಕಥೆ ಇನ್ನೂ ಕುತೂಹಲದ್ದು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಕಳೆದ ದಶಕದಲ್ಲಿ ಮತ್ತೆ ಮತ್ತೆ ಸಮಗ್ರ ಪ್ರಶಸ್ತಿ ಗೆದ್ದಿದೆ. ಆ ತಂಡದ ಬೆನ್ನೆಲುಬು ಆಳ್ವಾಸ್ ಕಾಲೇಜಿನ ಓಟಗಾರರು, ಎಸೆತಗಾರರು. ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕ್ ಕಾಲ ಬುಡದಲ್ಲೇ ಇದೆ. ಉತ್ತರ ಕರ್ನಾಟಕದ ಬಡ ಮನೆಯ ಮಕ್ಕಳೂ, ಹೊರ ರಾಜ್ಯದವರೂ ಅಲ್ಲಿ ಬಂದು ಪಳಗುತ್ತಾರೆ. ಸರ್ಕಾರಿ ಕಾಲೇಜಿನಲ್ಲಿ ಟಿ.ಎ., ಡಿ.ಎ. ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವ ಹುಡುಗನಿಗೆ ಅಂಥ ಕಡೆ ಹೋಗಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಒಬ್ಬ ಅಥ್ಲೀಟ್ ಬೆಳೆಯಲು ಏನು ಬೇಕು ಎಂಬುದನ್ನು ಮೂಡುಬಿದಿರೆ ಮಾಡಿ ತೋರಿಸಿದೆ.

ಆದರೂ ಒಂದು ಬಾಕಿ ಉಳಿಯುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಮುಂದೆ ಅಲ್ಲಿಗೆ ಹೋಗುವ ಮಗುವಿನ ಕಾಲಿನ ಶಕ್ತಿ ಗುರುತಿಸಿದವರು ಯಾರು? ಹುನಗುಂದದ ಎರೆ ನೆಲದಲ್ಲಿ ಸುಣ್ಣದ ಗೆರೆ ಎಳೆದು, ತಾಲ್ಲೂಕು ಮಟ್ಟದ ಕೂಟಕ್ಕೆ ಟಂಟಂನಲ್ಲಿ ತುಂಬಿಕೊಂಡು ಹೋಗಿ, ಸಂಜೆ ಮನೆಗೆ ಮುಟ್ಟಿಸಿದ ಪ್ರೌಢಶಾಲೆಯ ಪಿ.ಇ. ಮಾಸ್ತರರು. ಪದಕ ಬಂದ ದಿನ ಪತ್ರಿಕೆಯ ಸುದ್ದಿಯಲ್ಲಿ ಅವರ ಶಾಲೆಯ ಹೆಸರು ಇರುವುದಿಲ್ಲ. ವಿಶ್ವವಿದ್ಯಾಲಯದ ಪಟ್ಟಿ ಫಸಲನ್ನು ಎಣಿಸುತ್ತದೆ, ಬಿತ್ತಿದವರನ್ನು ಎಣಿಸುವುದಿಲ್ಲ.

ಹಾಗಾದರೆ ಯಾರು ದೊಡ್ಡವರು? ನನ್ನ ಲೆಕ್ಕಕ್ಕೆ ಮೂರು ಪರೀಕ್ಷೆಗಳು. ಒಂದು, ಮೇಲುಗೈ ಹತ್ತಾರು ವರ್ಷ ನಿಂತಿತೇ? ಎರಡು, ಹಲವು ಆಟಗಳಿಗೆ, ಹೆಣ್ಣುಮಕ್ಕಳಿಗೂ ಹರಡಿತೇ? ಮೂರು, ಸುತ್ತಲಿನ ಶಾಲೆಗಳಿಂದ ಬೆಳೆದು ಬಂತೇ, ಇಲ್ಲ ಬೆಳೆದವರನ್ನು ತಂದು ಸೇರಿಸಿದ್ದೇ? ಮೊದಲೆರಡರಲ್ಲಿ ಅಮೃತಸರ ಮುಂದು. ಕರ್ನಾಟಕದೊಳಗೆ ಅಥ್ಲೆಟಿಕ್ಸ್ ಮಟ್ಟಿಗೆ ಮಂಗಳೂರಿಗೆ ಸಾಟಿಯಿಲ್ಲ. ಜೈನ್‌ನದು ಒಂದು ಕೂಟದ ಭರ್ಜರಿ ಗೆಲುವು. ಯುಗ ಎನ್ನಲು ಇನ್ನೂ ಕಾಲ ಬೇಕು. ಮೂರನೆಯ ಪರೀಕ್ಷೆಗೆ ಈಗಿರುವ ಯಾವ ಪಟ್ಟಿಯೂ ಉತ್ತರ ಕೊಡುವುದಿಲ್ಲ. ಏಕೆಂದರೆ ಆ ಕಾಲಮ್ಮೇ ಪಟ್ಟಿಯಲ್ಲಿಲ್ಲ.

ಆ ಕಾಲಮ್ಮು ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಫಲಿತಾಂಶದ ಹಾಳೆಯಲ್ಲಿ ಕ್ರೀಡಾಪಟುವಿನ ಹೆಸರಿನ ಮುಂದೆ ಅವರ ಪ್ರೌಢಶಾಲೆ ಮತ್ತು ತಾಲ್ಲೂಕು ಬರೆದರೆ ಸಾಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಾಲೇಜುಗಳು ವಿಶ್ವವಿದ್ಯಾಲಯ ಬದಲಾದಾಗಲೆಲ್ಲ ಹಳೆಯ ಬ್ಲೂಗಳ ರಿಜಿಸ್ಟರು ರದ್ದಿಗೆ ಹಾಕದೆ ಉಳಿಸಿಕೊಳ್ಳಲಿ, ಒಂದು ಪ್ರತಿಯನ್ನು ಜಿಲ್ಲಾ ಕ್ರೀಡಾ ಇಲಾಖೆಗೂ ಕೊಡಲಿ. ಅಲ್ಲಿಯವರೆಗೆ ಊಟದ ಹೊತ್ತಿನ ವಾದ ನಡೆಯಲಿ, ಆದರೆ ಯಾರೂ ಅದನ್ನು ತೀರ್ಪು ಎಂದು ಕರೆಯುವುದು ಬೇಡ.