ಕನೈಮಾ: ನೀಲ್ ವೈಟ್‌ಹೆಡ್ ಬಿಡಿಸಲು ಹೊರಟ ಒಗಟು

ಮಾನವಶಾಸ್ತ್ರಜ್ಞ ನೀಲ್ ವೈಟ್‌ಹೆಡ್ (1956–2012) ಕಾಡಿಗೆ ಹೋಗುವ ಮೊದಲು ಕಡತಗಳೊಳಗೆ ಇಳಿದವರು. 1988ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕ ವೆನೆಜುವೆಲಾ, ಗಯಾನಾಗಳ ಕ್ಯಾರಿಬ್ ಜನರ ವಸಾಹತುಕಾಲದ ಇತಿಹಾಸವನ್ನು ಹೇಳುತ್ತದೆ. 1992ರಲ್ಲಿ ಬ್ರಯನ್ ಫರ್ಗುಸನ್ ಜೊತೆ ಸಂಪಾದಿಸಿದ ‘ವಾರ್ ಇನ್ ದಿ ಟ್ರೈಬಲ್ ಝೋನ್’ ಸಂಕಲನ ಅವರ ನಿಲುವನ್ನು ಗಟ್ಟಿಗೊಳಿಸಿತು: ಆದಿವಾಸಿಗಳ ಯುದ್ಧವೆಂದು ಹೊರಗಿನವರು ಬರೆದಿಟ್ಟದ್ದರಲ್ಲಿ ಎಷ್ಟೋ ಪಾಲು ಸಾಮ್ರಾಜ್ಯಗಳು ಹತ್ತಿರ ಬಂದ ಮೇಲೆ ಭುಗಿಲೆದ್ದದ್ದು. ಉಕ್ಕಿನ ಕತ್ತಿ, ಬಂದೂಕು, ಗುಲಾಮರ ವ್ಯಾಪಾರ, ಹೊಸ ರೋಗಗಳು ಹಳೆಯ ಹಗೆಗಳ ಸ್ವರೂಪವನ್ನೇ ಬದಲಿಸಿದ್ದವು. ಅವರ ಕೊಡುಗೆಗಳಲ್ಲಿ ಅತ್ಯಂತ ಭದ್ರವಾದದ್ದು ಇದೇ.

ಆದರೆ ಹೆಸರು ಬಂದದ್ದು ‘ಡಾರ್ಕ್ ಶಾಮನ್ಸ್’ (2002) ಕೃತಿಯಿಂದ. ಗಯಾನಾದ ಪಕರೈಮಾ ಬೆಟ್ಟಸೀಮೆಯ ಪಟಮುನಾ ಜನರ ನಡುವೆ ‘ಕನೈಮಾ’ ಎಂದರೆ ಒಂದು ಬಗೆಯ ಕೊಲೆ, ಕೊಲ್ಲುವವನೂ ಕನೈಮಾನೇ. ಒಂಟಿಯಾಗಿ ಸಿಕ್ಕವರ ಮೇಲೆ ಹಿಂದಿನಿಂದ ಎರಗುತ್ತಾನೆ. ಮಾತಾಡಿ ಗುರುತು ಹೇಳದಂತೆ ನಾಲಿಗೆಗೆ ಹಾವಿನ ಹಲ್ಲು ಚುಚ್ಚುತ್ತಾನೆ. ಗಾಯಗೊಂಡವರು ಮನೆಗೆ ಮರಳಿ, ಕೆಲವು ದಿನ ನರಳಿ ಸಾಯುತ್ತಾರೆ. ಹೂತ ಮೇಲೆ ಕೊಂದವನು ಸಮಾಧಿಯನ್ನು ಹುಡುಕಿ ಬಂದು ಕೊಳೆಯುವ ದೇಹದ ರಸವನ್ನು ಸವಿಯಬೇಕು. ವಿಧಿ ಪೂರ್ಣವಾಗುವುದು ಆಗಲೇ. 1992ರಲ್ಲಿ ಪರಮಕಟೋಯಿ ಗ್ರಾಮದ ಬಳಿ ಪುರಾತತ್ವ ಸಮೀಕ್ಷೆ ನಡೆಸುತ್ತಿದ್ದ ವೈಟ್‌ಹೆಡ್ ಗುಹೆಯೊಂದರಲ್ಲಿದ್ದ ಮಡಕೆಯನ್ನು ಮುಟ್ಟಿದರು. ಅದು ಕನೈಮಾಗಳದ್ದೆಂದು ಊರವರು ನಂಬಿದ್ದರು. ಸ್ವಲ್ಪ ಕಾಲದಲ್ಲೇ ವೈಟ್‌ಹೆಡ್ ಕಾಯಿಲೆ ಬಿದ್ದರು. ತಮಗೆ ವಿಷ ಹಾಕಿರಬಹುದೆಂಬ ಅನುಮಾನವನ್ನು ಬಚ್ಚಿಡದೆ ಬರೆದರು.

ಸಂಶೋಧಕನ ಈ ಭಯವೇ ಪುಸ್ತಕಕ್ಕೆ ಜೀವ ತುಂಬಿದೆ. ಶಾಮನ್ (ಆತ್ಮಗಳೊಡನೆ ವ್ಯವಹರಿಸುವ ಮಾಂತ್ರಿಕ) ಎಂದೊಡನೆ ಗಿಡಮೂಲಿಕೆ, ಚಿಕಿತ್ಸೆ, ಜ್ಞಾನೋದಯ ಎಂದು ಕನವರಿಸುವ ನಗರದ ಓದುಗರಿಗೆ ಅದು ಕಹಿ ಸತ್ಯವನ್ನು ತೋರಿಸಿತು: ಕಾಯುವ ಶಕ್ತಿಯೂ ಕೊಲ್ಲುವ ಶಕ್ತಿಯೂ ಅಲ್ಲಿ ಒಂದೇ ಲೋಕದವು. ಕನೈಮಾವನ್ನು ಅವರು ಆದಿಮ ಕ್ರೌರ್ಯದ ಉಳಿಕೆ ಎನ್ನಲಿಲ್ಲ. ಮಿಷನರಿಗಳು, ವಜ್ರ ಮತ್ತು ಚಿನ್ನದ ಗಣಿಗಾರಿಕೆ, ದೂರದಿಂದ ಆಳುವ ಸರ್ಕಾರ ಇವುಗಳ ಎದುರಿಗೆ ಅದು ಹೊಸ ಅರ್ಥ ಪಡೆಯಿತೆಂದು ವಾದಿಸಿದರು.

ತೊಡಕಿರುವುದು ಕೊಲೆಯನ್ನು ಅರ್ಥ ಹೊತ್ತ ಆಚರಣೆಯಾಗಿ ಓದುವ, ‘ಸಾವಿನ ಕಾವ್ಯಮೀಮಾಂಸೆ’ ಎಂಬ ಅವರ ಪರಿಕಲ್ಪನೆಯಲ್ಲಿ. ಕೊಲೆಗೆ ಅದನ್ನು ಮಾಡುವವರ ಲೋಕದಲ್ಲಿ ಏನು ಅರ್ಥವಿದೆ ಎಂದು ಕೇಳಲೇಬೇಕು, ನಿಜ. ಆದರೆ ಅರ್ಥದ ವಿಶ್ಲೇಷಣೆ ದಟ್ಟವಾದಷ್ಟೂ ಸತ್ತವರ ಮನೆಯವರು ಪುಟದ ಅಂಚಿಗೆ ಸರಿಯುತ್ತಾರೆ. ನಡೆದ ಕೊಲೆ, ಶಂಕೆ, ಊರಿನ ವದಂತಿ ಮೂರೂ ಒಂದೇ ಬಟ್ಟೆಯ ಎಳೆಗಳಾಗುತ್ತವೆ. ಯಾವ ಎಳೆ ಎಷ್ಟು ಭಾರ ಹೊರಬಲ್ಲದೆಂದು ಓದುಗನಿಗೆ ತಿಳಿಯುವುದಿಲ್ಲ. ‘ಕಾಡುಜನ ಕ್ರೂರಿಗಳು’ ಎಂಬ ಹಳೆಯ ನಿಂದೆಗೆ ಇಂಥ ವಿವರಗಳು ಮೇವಾಗುವ ಅಪಾಯವೂ ಉಂಟು. ವೈಟ್‌ಹೆಡ್ ಅದನ್ನು ಬಲ್ಲವರೇ. ಕ್ರೌರ್ಯ ಕಾಡಿನದ್ದು ಮಾತ್ರವಲ್ಲ ಎಂಬಂತೆ, ಆಧುನಿಕ ಯುದ್ಧತಂತ್ರಜ್ಞಾನವನ್ನೂ ಮಾಟದ ಸಾವನ್ನೂ ಅಕ್ಕಪಕ್ಕ ಇಟ್ಟು ನೋಡುವ ‘ವರ್ಚುವಲ್ ವಾರ್ ಅಂಡ್ ಮ್ಯಾಜಿಕಲ್ ಡೆತ್’ ಸಂಕಲನವನ್ನು ಅವರು ಸ್ವೆರ್ಕರ್ ಫಿನ್‌ಸ್ಟ್ರೋಮ್ ಜೊತೆ ಸಿದ್ಧಪಡಿಸಿದರು. ಅದು ಹೊರಬಂದದ್ದು 2013ರಲ್ಲಿ, ಅವರು ತೀರಿಕೊಂಡ ಮರುವರ್ಷ.