ಲೀಲಾವತಿಯ ಉತ್ತರ

ಕ್ರಿ. ಶ. 1150ರಲ್ಲಿ ರಚಿತವಾದ ‘ಲೀಲಾವತಿ’ಯೆಂಬ ಗಣಿತಗ್ರಂಥದಲ್ಲಿ ಭಾಸ್ಕರಾಚಾರ್ಯನು ಎಷ್ಟೋ ಲೆಕ್ಕಗಳನ್ನು ಒಬ್ಬ ಬಾಲೆಯನ್ನು ಕುರಿತು ಕೇಳುತ್ತಾನೆ. ದುಂಬಿಗಳೆಷ್ಟು, ಹಂಸಗಳೆಷ್ಟು, ಕೊಳದ ಆಳವೆಷ್ಟು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಅವಳು ಉತ್ತರವಿತ್ತಳೇ? ಗ್ರಂಥದಲ್ಲಿ ಅವಳ ಮಾತು ಒಂದೂ ಇಲ್ಲ. ಮುಹೂರ್ತವನ್ನು ಅಳೆಯುವ ಘಟಿಕಾಪಾತ್ರೆಯೊಳಕ್ಕೆ ಅವಳ ಉಡುಗೆಯ ಮುತ್ತೊಂದು ಬಿದ್ದು, ರಂಧ್ರ ಮುಚ್ಚಿ, ಲಗ್ನವು ತಪ್ಪಿತೆಂದೂ, ಮಗಳ ದುಃಖವನ್ನು ಮರೆಸಲು ತಂದೆಯು ಅವಳ ಹೆಸರಿನಲ್ಲಿ ಈ ಗ್ರಂಥವನ್ನು ಬರೆದನೆಂದೂ ಹೇಳುವ ಕಥೆಯು 1587ರ ಫೈಜಿಯ ಪಾರಸೀ ಭಾಷಾಂತರದಿಂದ ಬಂದುದು, ಮೂಲದಲ್ಲಿ ಅದಿಲ್ಲ. ಹೆಣ್ಣಿಗೆ ಗಣಿತವು ದೊರೆಯಬೇಕಾದರೆ ಮೊದಲು ಮದುವೆ ತಪ್ಪಬೇಕೆಂದು ಕಥೆ ಕಟ್ಟಿದವರಿಗೆ ತೋರಿದುದು ಗಮನಿಸತಕ್ಕ ಸಂಗತಿ.

ಈ ಹೆಸರನ್ನೇ ಹಿಡಿದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು 2008ರಲ್ಲಿ ‘ಲೀಲಾವತೀಸ್ ಡಾಟರ್ಸ್’, ಎಂದರೆ ಲೀಲಾವತಿಯ ಹೆಣ್ಣುಮಕ್ಕಳು, ಎಂಬ ಇಂಗ್ಲಿಷ್ ಗ್ರಂಥವನ್ನು ಹೊರತಂದಿತು. ಸಂಪಾದಕರು ರೋಹಿಣಿ ಗೋಡಬೋಲೆ ಮತ್ತು ರಾಮ್ ರಾಮಸ್ವಾಮಿ ಅವರು. ಸುಮಾರು ನೂರು ಮಂದಿ ವಿಜ್ಞಾನಿನಿಯರ ಜೀವನಗಳು ಇದರಲ್ಲಿವೆ. ಆಗಿಹೋದವರ ಚರಿತ್ರೆಗಳನ್ನು ಇತರರು ಬರೆದಿದ್ದಾರೆ. ಅಂದು ಬದುಕಿದ್ದವರು ಬಹುಮಟ್ಟಿಗೆ ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ. ಎಲ್ಲವೂ ಒಂದೇ ತೂಕದ ಬರಹಗಳಲ್ಲ. ಆದರೂ ಎಂಟು ಶತಮಾನ ಕೇವಲ ಕೇಳಿಸಿಕೊಂಡು ಕುಳಿತಿದ್ದವಳು ಇಲ್ಲಿ ಬಾಯಿ ತೆರೆದಿದ್ದಾಳೆಂಬುದೇ ಗ್ರಂಥದ ಹೆಚ್ಚಳ. ಇಷ್ಟು ಗೌರವಕ್ಕೆ ಪಾತ್ರವಾದ ಕೃತಿಯನ್ನು ಬರಿಯ ಪ್ರಶಂಸೆಯಿಂದ ಕಳುಹಿಸಿಬಿಡುವುದು ಅದಕ್ಕೆ ಮಾಡುವ ಉಪಚಾರವಲ್ಲ.

ಕಮಲಾ ಸೊಹೋನಿಯವರ ಕಥೆಯನ್ನು ತೆಗೆದುಕೊಳ್ಳಬಹುದು. ಬೊಂಬಾಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, 1933ರಲ್ಲಿ ಆಕೆ, ಆಗಿನ್ನೂ ಕಮಲಾ ಭಾಗವತ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರವೇಶವನ್ನು ಬೇಡಿದರು. ಆಕೆಯ ತಂದೆಯೂ ಚಿಕ್ಕಪ್ಪ ದೊಡ್ಡಪ್ಪಂದಿರ ವರ್ಗದವರೂ ರಸಾಯನಶಾಸ್ತ್ರವನ್ನು ಕಲಿತುದು ಅದೇ ಸಂಸ್ಥೆಯಲ್ಲಿ. ಮಗಳಿಗೆ ಮಾತ್ರ, ಹೆಣ್ಣೆಂಬ ಕಾರಣದಿಂದ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಇಲ್ಲವೆಂದರು. ಆಕೆ ಹಿಂದಿರುಗಲಿಲ್ಲ. ಕಡೆಗೆ ನಿಬಂಧನೆಗಳೊಡನೆ ಬಾಗಿಲು ತೆರೆಯಿತು: ಒಂದು ವರ್ಷ ಪರೀಕ್ಷಾರ್ಥವಾಗಿ ದುಡಿಯಬೇಕು, ಕೆಲಸವು ನಿರ್ದೇಶಕರಿಗೆ ಒಪ್ಪಿಗೆಯಾದ ಮೇಲೆಯೇ ಅದಕ್ಕೆ ಮಾನ್ಯತೆ, ಪುರುಷ ಸಂಶೋಧಕರ ಚಿತ್ತಕ್ಕೆ ಚಾಂಚಲ್ಯವನ್ನುಂಟುಮಾಡಕೂಡದು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳನ್ನು ಪರಿಶೋಧಿಸಿ, ಮುಂದೆ ಕೇಂಬ್ರಿಜ್ಜಿನಲ್ಲಿ ಆಲೂಗೆಡ್ಡೆಯಿಂದ ಮೊದಲುಗೊಂಡು ಸಸ್ಯಗಳಲ್ಲಿಯೂ ‘ಸೈಟೊಕ್ರೋಮ್ ಸಿ’ ಎಂಬ ದ್ರವ್ಯವಿರುವುದನ್ನು ತೋರಿಸಿ, 1939ರಲ್ಲಿ ಆಕೆ ಡಾಕ್ಟರರಾದರು. ರಾಮನ್ನರೂ ತಮ್ಮ ಮೊದಲಿನ ಹಟವನ್ನು ಬಿಟ್ಟು ಇತರ ಸ್ತ್ರೀಯರನ್ನು ಸೇರಿಸಿಕೊಂಡರು.

ಸಾಮಾನ್ಯವಾಗಿ ಓದುಗರು ಇಂತಹ ಕಥೆಯನ್ನು ಧ್ರುವನ ತಪಸ್ಸಿನಂತೆ ಓದಿ ಆನಂದಬಾಷ್ಪವನ್ನು ಸುರಿಸುತ್ತಾರೆ. ದೋಷವಿರುವುದು ಇಲ್ಲಿಯೇ. ತಪಸ್ಸನ್ನು ಹೊಗಳುತ್ತ ಹೋದಂತೆಲ್ಲ ತಡೆದವರ ತಪ್ಪು ಭಕ್ತಿಯ ಪರೀಕ್ಷೆಯಾಗಿ ಮಾರ್ಪಡುತ್ತದೆ. ಸೊಹೋನಿಯವರಾದರೋ ಅದನ್ನು ಪರೀಕ್ಷೆಯೆಂದೆಣಿಸಲಿಲ್ಲ, ಅಪಮಾನವೆಂದೆಣಿಸಿದರು. ಇಳಿವಯಸ್ಸಿನಲ್ಲಿಯೂ ಹಾಗೆಂದೇ ಹೇಳಿದರು.

ಇದಕ್ಕಿಂತ ಸೂಕ್ಷ್ಮವಾದುದು ಅನ್ನಾ ಮಣಿಯವರ ಸಂಗತಿ. ತಿರುವಾಂಕೂರಿನ ಅನುಕೂಲವಂತ ಮನೆತನದ ಈ ಹುಡುಗಿ ಎಂಟನೆಯ ಹುಟ್ಟುಹಬ್ಬದಂದು ವಜ್ರದ ಓಲೆಗಳನ್ನು ಬೇಡವೆಂದು ವಿಶ್ವಕೋಶವನ್ನು ಕೇಳಿ ಪಡೆದಳಂತೆ. ಮುಂದೆ ರಾಮನ್ನರ ಪ್ರಯೋಗಶಾಲೆಯಲ್ಲಿ ಆಕೆ ಪರಿಶೀಲಿಸಿದುದು ವಜ್ರಗಳನ್ನೇ. ಮೂವತ್ತಕ್ಕೂ ಹೆಚ್ಚು ವಜ್ರಗಳ ವರ್ಣಪಟಲಗಳನ್ನು ತೆಗೆಯಲು ಒಂದೊಂದು ಫಲಕವನ್ನೂ ಹದಿನೈದು ಇಪ್ಪತ್ತು ಗಂಟೆ ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ, ಆಕೆ ಎಷ್ಟೋ ರಾತ್ರಿ ಅಲ್ಲಿಯೇ ಮಲಗುತ್ತಿದ್ದರು. 1942ರಿಂದ 1945ರೊಳಗೆ ಐದು ಲೇಖನಗಳನ್ನು ಒಬ್ಬರೇ ಪ್ರಕಟಿಸಿದರು. ಸಹೋದ್ಯೋಗಿಗಳಾದ ಗಂಡಸರೊಡನೆ ಬೆರೆತು ಮಾತನಾಡಲು ಅಲ್ಲಿ ಅವಕಾಶವಿರಲಿಲ್ಲ. ಶಾಸ್ತ್ರದ ಅರ್ಧವು ಉಪಕರಣದಲ್ಲಿದ್ದರೆ ಉಳಿದರ್ಧವು ಜೊತೆಯವರ ವಾದ ಪ್ರತಿವಾದಗಳಲ್ಲಿದೆ. ಆ ಅರ್ಧವನ್ನು ಕಳೆದುಕೊಂಡೇ ಆಕೆ ದುಡಿದರು. 1945ರಲ್ಲಿ ಒಪ್ಪಿಸಿದ ಮಹಾಪ್ರಬಂಧಕ್ಕೆ ಮದರಾಸು ವಿಶ್ವವಿದ್ಯಾನಿಲಯವು ಪದವಿಯನ್ನು ಕೊಡಲಿಲ್ಲ. ಎಂ.ಎಸ್‌ಸಿ. ಇಲ್ಲವೆಂಬುದು ಕಾರಣ, ಸ್ತ್ರೀಯೆಂಬುದಲ್ಲ. ಆ ಪ್ರಬಂಧವು ರಾಮನ್ ಸಂಶೋಧನಾಲಯದ ಪುಸ್ತಕಭಂಡಾರದಲ್ಲಿ ರಟ್ಟು ಕಟ್ಟಿಸಿಕೊಂಡು ಉಳಿಯಿತು. ಅನ್ನಾ ಮಣಿಯವರು ಇದರಿಂದ ತಮಗೇನೂ ನಷ್ಟವಾಗಲಿಲ್ಲವೆಂದರು. ಹವಾಮಾನದ ಉಪಕರಣಗಳನ್ನು ಈ ದೇಶದಲ್ಲಿಯೇ ತಯಾರಿಸುವುದರಲ್ಲಿ ಹೆಸರಾಂತು, ಹವಾಮಾನ ಇಲಾಖೆಯ ಉನ್ನತಾಧಿಕಾರಿಯಾಗಿ 1976ರಲ್ಲಿ ನಿವೃತ್ತರಾದರು. ಆಕೆಯ ಸಮಾಧಾನವು ಆಕೆಗೆ ಭೂಷಣ. ವಿಮರ್ಶಕನು ಅದನ್ನು ವಿಶ್ವವಿದ್ಯಾನಿಲಯದ ಪರವಾದ ಸಾಕ್ಷಿಯೆಂದು ಬರೆದುಕೊಳ್ಳಲಾಗದು.

ಓಲೆಯ ಕಥೆಯನ್ನು ಇನ್ನೊಮ್ಮೆ ನೆನೆಯಬೇಕು. ಬೇಡವೆನ್ನಲು ಓಲೆಯೇ ಇಲ್ಲದ ಮನೆಯ ಹುಡುಗಿಯು ಯಾವುದನ್ನು ಬಿಟ್ಟು ಪುಸ್ತಕವನ್ನು ಕೇಳಬೇಕು? ಸೊಹೋನಿಯವರ ತಂದೆ ರಸಾಯನಜ್ಞ. ಮೈಸೂರು ಸೀಮೆಯಿಂದ ಬಂದು, ಅಮೆರಿಕದ ಮಿಷಿಗನ್ನಿನಲ್ಲಿ ಓದಿ, 1953ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿಯೇ ಅಧ್ಯಾಪಕಿಯಾದ ರಾಜೇಶ್ವರಿ ಚಟರ್ಜಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಆ ಸಂಸ್ಥಾನದ ಮೊದಮೊದಲಿನ ಪದವೀಧರೆಯರಲ್ಲಿ ಒಬ್ಬರು. ಜಾತಿಯ ತಡೆಯನ್ನೂ ಕಂಡ ತಿಯ್ಯ ಕುಲದ ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳರ ತಂದೆಯೂ ನ್ಯಾಯಾಧಿಕಾರಿ. ಹೀಗೆ ಮನೆಯ ಓದು ಮುಂದಾಗಿ ದಾರಿ ಮಾಡಿಕೊಟ್ಟಲ್ಲಿ ಮಾತ್ರ ಹೆಣ್ಣಿನ ಹಟ ಫಲಿಸಿದುದು ಕಾಣುತ್ತದೆ. ಆಭಾ ಸೂರ್ ಅವರು 2011ರಲ್ಲಿ ಪ್ರಕಟಿಸಿದ, ಜಾತಿ ಮತ್ತು ಲಿಂಗಭೇದಗಳೆರಡನ್ನೂ ಭಾರತೀಯ ವಿಜ್ಞಾನದ ಚರಿತ್ರೆಯಲ್ಲಿ ಒಟ್ಟಿಗೆ ವಿಚಾರಿಸುವ ‘ಡಿಸ್ಪರ್ಸ್ಡ್ ರೇಡಿಯನ್ಸ್’ ಎಂಬ ಗ್ರಂಥವನ್ನು ಇದರ ಪಕ್ಕದಲ್ಲಿಟ್ಟು ಓದಿದವರಿಗೆ ಈ ಕೊರತೆಯು ಸ್ಪಷ್ಟವಾಗುವುದು.

ಬಾಗಿಲು ಈಗ ತೆರೆದೇ ಇದೆಯೆಂದು ವಾದಿಸುವವರುಂಟು. 2021–22ರ ಸರಕಾರೀ ಗಣನೆಯಂತೆ ಭಾರತದ ಉಚ್ಚ ಶಿಕ್ಷಣದಲ್ಲಿ ವಿಜ್ಞಾನವನ್ನು ಕಲಿಯುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಸ್ತ್ರೀಯರೇ. ಸಂಶೋಧಕರನ್ನು ಎಣಿಸಿದರೆ, 2018ರ ಲೆಕ್ಕದಲ್ಲಿ ಸ್ತ್ರೀಯರು ನೂರಕ್ಕೆ ಸುಮಾರು 17 ಮಾತ್ರ. ತರಗತಿಗೂ ಪ್ರಯೋಗಶಾಲೆಗೂ ನಡುವೆ ಇಷ್ಟು ಮಂದಿ ಎಲ್ಲಿ ಹೋದರು? ಗ್ರಂಥದಲ್ಲಿ ಮಾತನಾಡುವವರೆಲ್ಲ ನದಿಯನ್ನು ದಾಟಿ ದಡ ಸೇರಿದವರು. ಅವರ ಬಾಯಿಂದ ಪ್ರವಾಹದ ವರ್ಣನೆ ದೊರೆಯುತ್ತದೆ, ಸೆಳೆತಕ್ಕೆ ಸಿಕ್ಕವರ ಲೆಕ್ಕ ದೊರೆಯುವುದಿಲ್ಲ. ಎಂ.ಎಸ್‌ಸಿ.ಯಲ್ಲಿ ಪದಕವನ್ನು ಪಡೆದು, ಗಂಡನಿಗೆ ವರ್ಗವಾದ ಊರಿಗೆ ಹೋಗಿ, ಮಗುವಿಗೆ ಐದು ತುಂಬುವ ಹೊತ್ತಿಗೆ ಅರ್ಜಿಯ ವಯೋಮಿತಿಯನ್ನು ಮೀರಿದ ಹೆಂಗಸು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾಳೆ. ನೂರು ಜೀವನಗಳ ಈ ಗ್ರಂಥದಲ್ಲಿ ಅವಳಿಗೆ ಒಂದು ಪುಟವಿಲ್ಲ.